ಡಾಕ್ಟರರಿಗೆ ಹೇಳದ ಅರ್ಥ

ಮಣಿಪಾಲದಲ್ಲಿ ಮೂತ್ರರೋಗದ ಡಾಕ್ಟರರ ಕೋಣೆಯ ಹೊರಗೆ ಸ್ಕ್ಯಾನಿಂಗಿಗೆ ಹೋದ ಅಣ್ಣನಿಗಾಗಿ ಕಾಯುತ್ತಿದ್ದ ವಾರಿಜಕ್ಕನ ತುಟಿಯ ಮೇಲಿನ ಸ್ತೋತ್ರ ಅರ್ಧಕ್ಕೇ ನಿಂತಿತು. ಸ್ಕ್ಯಾನಿಂಗ್ ಮುಗಿಸಿ ಬಂದು, ಡಾಕ್ಟರರು ಮತ್ತೆ ಕರೆಯುವುದನ್ನೇ ಕಾಯುತ್ತಿದ್ದ ಪಕ್ಕದ ಗಂಡಹೆಂಡತಿ ತಗ್ಗಿದ ದನಿಯಲ್ಲಿ ಜಗಳಕ್ಕಿಳಿದಿದ್ದರು.

“ಹೀಗೇ ಇದ್ದರೆ ಬದುಕು ಹೇಗೆ ಅಂತ ಡಾಕ್ಟರರು ಕೇಳಿದರೆ, ತೊಂದರೆ ಎಂತದ್ದೂ ಇಲ್ಲ ಅಂದಿರಲ್ಲ!”

“ಮೂತ್ರದ ಡಾಕ್ಟರರಿಗೆ ನನ್ನ ಬದುಕು ಯಾಕೆ ಮಾರಾಯ್ತಿ?”

“ಅದನ್ನು ಕೇಳಿಯೇ ಮಾತ್ರೆಯೋ ಆಪರೇಷನ್ನೋ ಅಂತ ಹೇಳುವುದಂತೆ. ತಾಳಮದ್ದಳೆಯಲ್ಲಿ ಅರ್ಥ ಹೇಳುವುದು ಬಿಟ್ಟದ್ದನ್ನು ಹೇಳಿ.”

“ಗಂಟಲು ಸರಿ ಇಲ್ಲ, ಬಿಟ್ಟೆ.”

“ಅದು ಊರಿನವರಿಗೆ ಹೇಳುವ ಮಾತು. ಕಾಪುವಿನಲ್ಲಿ ಭಾಗವತರು ಪದ ಹಾಡಿ ಮುಗಿಸಿದರು, ಅರ್ಥ ಹೇಳಬೇಕಾದ ರಾಜ ಮೂತ್ರ ತಡೆಯದೆ ತೆಂಗಿನ ಮರದ ಬುಡದಲ್ಲಿ!”

“ಮೆಲ್ಲ ಮಾತಾಡು, ಜನ ಉಂಟು.”

“ಆ ದಿನದಿಂದ ನೀವು ಬಾಯಿಬಿಟ್ಟು ನಗಾಡಿದ್ದನ್ನು ನಾನು ನೋಡಲಿಲ್ಲ. ಅದನ್ನೂ ನಾನೇ ಹೇಳಬೇಕಾ?”

 

“ತಾರಾನಾಥ!” ನರ್ಸ್ ಕರೆದಳು.

ಗಂಡ ಎದ್ದು ಬಾಗಿಲವರೆಗೆ ಹೋಗಿ, ತಿರುಗಿ ನಿಂತರು.

“ನೀನೂ ಬಾ ಸುಗಂಧಿ. ಪದ ನೀನು ಎತ್ತು, ಅರ್ಥ ನಾನು ಹೇಳುತ್ತೇನೆ.”