ಒಂದೇ ಎಲೆಯ ಎಡೆ

ಮಾರ್ನಮಿ ಹಬ್ಬದ ಸಂಜೆ ಹೊಳಲು ಊರಿನಲ್ಲಿ ಮಳೆ ಜಡಿ ಹಿಡಿದಿತ್ತು, ಕರೆಂಟು ಹೋಗಿತ್ತು. ಸತ್ತ ಹಿರಿಯರಿಗೆ ಎಡೆಯಿಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ, ಪುಟ್ಟಮಾದಮ್ಮನ ಮನೆಯವರೆಲ್ಲ ಜಗಲಿಯಲ್ಲಿ ಕಾಯುತ್ತಿದ್ದರು. ಹಸಿವು ತಾಳಲಾರದೆ ಮಗ ರಾಜೇಂದ್ರ, "ಸತ್ತೋರು ಎಲ್ಲುಂಡಾರವ್ವ? ಬಾಗ್ಲು ತಗಿ" ಎಂದ. ಮುದುಕಿ ಎಲೆಅಡಿಕೆ ಉಗಿದು ಎದುರುಮನೆಯತ್ತ ಕೈ ತೋರಿದಳು.

"ಆ ಮನೆ ಚೌಡಯ್ಯನ್ನ ಕಂಡಿದ್ಯಲ್ಲಾ? ಮಿಲಿಟ್ರಿಲಿದ್ದೋನು. ಯಾವ್ದೋ ದೂರದ ದೇಸದಲ್ಲಿ ಅವರವರೇ ಕೊಚ್ಚಾಡ್ತಿದ್ರು ಅಂತ ಕಾವಲಿಗೆ ನಮ್ಮೋರ್ನ ಕಳ್ಸಿದ್ರು. ಅಲ್ಲೊಬ್ಬ ಮಂತ್ರಿ, ಒಬ್ಬ ದಂಡಿನ ದೊಡ್ಡಾಫೀಸರು... ಇಬ್ರೂ ಒಂದೇ ಕಡೆಯೋರು ಕಣ್ಲಾ! ಯುದ್ದ ನಿಲ್ಸು ಅಂತಾನೆ ಮಂತ್ರಿ. ನನ್ ಹುಡುಗ್ರ ರಕ್ತವ ಕುರ್ಚಿಗೆ ಮಾರ್ತೀಯಾ ಅಂತಾನೆ ಆಫೀಸರು. ರಾಜಿ ಊಟಕ್ಕೆ ಕೂರ್ಸಿದ್ರು. ಬಾಗ್ಲಲ್ಲಿ ಚೌಡಯ್ಯ ಕೋವಿ ಇಡ್ಕಂಡು ನಿಂತವ್ನೆ, ಗುಂಡು ಹಾರ್ಸಂಗಿಲ್ಲ ಅಂತ ಆರ್ಡ್ರು. ಮೊದ್ಲ ತುತ್ತು ಬಾಯ್ಗೋಗ್ನಿಲ್ಲ... ಆಫೀಸರ ಮಚ್ಚು ಮಂತ್ರಿ ಕುತ್ಗೆಗೆ ಬಿತ್ತು, ಮಂತ್ರಿ ಪಿಸ್ತೂಲಿನ ಗುಂಡು ಆಫೀಸರ ಹೊಟ್ಟೆಯ ಸೀಳ್ತು. ತಟ್ಟೆ ಮ್ಯಾಲೇ ಬಿದ್ದು ಸತ್ರು, ಅನ್ನವೆಲ್ಲ ಕೆಂಪು.

"ಉಣ್ಣಕ್ಕೆ ಕೂತೋರು ಅಸ್ಕಂಡು ಸತ್ರಲ್ಲಾ ಅಂತ ಚೌಡಯ್ಯಂಗೆ ಕೊರಗು. ಊರ್ಗೆ ಬಂದ ವರ್ಸ ಮಾರ್ನಮೀಲಿ, ಅಪ್ಪನೆಸ್ರು ಕೂಗ್ದಂಗೆ ಅವರಿಬ್ರ ಎಸ್ರೂ ಕೂಗಿ, ಬಾಡು, ಸಾರಾಯಿ ಇಕ್ದ. ಅದೂ ಒಂದೇ ಎಲೇಲಿ! ಒಂದೆಲೇಲಿ ಉಂಡ್ರೆ ಹಗೆ ತೀರ್ತದಂತೆ. ಬದ್ಕಿದ್ದಾಗ ಆಗ್ದಿದ್ದು ಸತ್ಮೇಲೆ ಆದದಾ? ಬಾಗ್ಲು ಮುಚ್ಚಿದ್ದೇ ತಡ... ಒಳಗೆ ಪಾತ್ರೆ ಉಳ್ಳಾಡುದ್ವು. ನಾಯಿ ನುಗ್ತೇನೋ ಅಂತ ಅವನೆಂಡ್ತಿ ಸಣ್ಣಮ್ಮ ಬಾಗ್ಲು ತಗ್ದು ಒಳೀಕೋದ್ಲು. ಒಂದೇ ಕಿರುಚು... ನಾನೇ ಓಡೋಗಿ ಕಂಡೆ. ಕುತ್ಗೆ ಅರ್ಧ ತುಂಡಾಗಿತ್ತು, ಹೊಟ್ಟೇಲಿ ಗುಂಡಿನ ತೂತು. ಪೊಲೀಸ್ನೋರು ಮನೆಯೆಲ್ಲ ಜಾಲಾಡುದ್ರು, ಮಚ್ಚೂ ಇಲ್ಲ, ಕೋವಿನೂ ಇಲ್ಲ. ನನ್ ಗೆಳ್ತಿ ಕಣ್ಲಾ ಅವ್ಳು, ಈಗ್ಲೂ ಹೊಟ್ಟೆ ಉರೀತದೆ.

"ಒಂದ್ಸಲ ಕರ್ದ್ಮೇಲೆ ಬುಟ್ಟಾರಾ? ವರ್ಸಾವರ್ಸ ಬತ್ತಾರೆ. ಅದ್ಕೇ ಚೌಡಯ್ಯ ಎಡೆ ಇಕ್ಕೋ ಕೋಣೆ ನಡುವೆ ಗೋಡೆ ಎತ್ತಿ ಆಕಡೀಕೊಂದು, ಈಕಡೀಕೊಂದು ಎಲೆ ಇಕ್ತಿದ್ದ. ಅವ್ನು ಸತ್ಮೇಲೆ ಮಗ ಸಿದ್ದೇಶ ಈ ವರ್ಸ ಆ ಗೋಡೆ ಒಡ್ಸಿ ಹಾಲ್ ಮಾಡವ್ನೆ. ಬ್ಯಾಡ ಕಣ್ಲಾ ಅಂದ್ರೆ ನಕ್ಬುಟ್ಟ. ಅವನೆಂಡ್ತಿ ಸಸಿರೇಖಂಗೆ ಕೈ ಇಡ್ದು ಯೋಳಿವ್ನಿ, ಏನೇ ಸದ್ದಾದ್ರೂ ಬಾಗ್ಲು ತಗೀಬ್ಯಾಡ ಕಣವ್ವ ಅಂತ."

ಮುದುಕಿ ಥಟ್ಟನೆ ಕಿವಿಗೊಟ್ಟಳು. ಮಳೆಯ ಸದ್ದಿನ ನಡುವೆ, ಎದುರುಮನೆಯ ಮುಚ್ಚಿದ ಬಾಗಿಲ ಹಿಂದೆ ಇಬ್ಬರು ಗಂಡಸರು ಜಗಳಕ್ಕೆ ಬಿದ್ದಿದ್ದರು.

"ಅದು ನಮ್ ಬಾಸೆ ಅಲ್ಲ ಕಣ್ಲಾ... ಅಕ್ಕೋ, ಅವ್ರ ಜಗಲಿ ಮ್ಯಾಲಿಂದ ಸಸಿರೇಖ ಬಾಗ್ಲು ತಗ್ಯಾಕೆ ಎದ್ಲು. ಓಡ್ಲಾ ರಾಜೇಂದ್ರ, ಓಡು!"