‘ನಿಜ’ ಎಂದು ನಾನು ಬರೆದ ಉತ್ತರದ ಬಗ್ಗೆ

ಹೆಸರು ಜೆಸ್ಸಾ ಮೇ ಪಲ್ಮಾರೆಸ್, ತಂದೆ ದಿವಂಗತ ರೊಹೆಲಿಯೊ ಪಲ್ಮಾರೆಸ್, ವಯಸ್ಸು ಇಪ್ಪತ್ತೊಂಬತ್ತು, ವಾಸ ಸಾಂತಾ ಮೋನಿಕಾ ಬಡಾವಣೆ, ಓತೋನ್ ಪಟ್ಟಣ, ಇಲೋಇಲೋ ಪ್ರಾಂತ್ಯ. ಉದ್ಯೋಗ ಏನೆಂದು ಕೇಳಿದಾಗ ಮೊದಲು ‘ಫ್ರೀಲಾನ್ಸರ್’ ಎಂದು ಬರೆಸಿದ್ದೆ. ಅದನ್ನು ಹೊಡೆದುಹಾಕಿ ‘ಕೆಲಸವಿಲ್ಲ’ ಎಂದು ಬರೆಯಲು ಕೋರಿದ್ದೇನೆ.

ಇಂದು 28-3-2025, ಶುಕ್ರವಾರ, ಮಧ್ಯಾಹ್ನ 1.20ಕ್ಕೆ, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು, ಅಧಿಕಾರಿಗಳ ಮುಂದೆ ಬಾಯಿಬಿಟ್ಟು ಹೇಳಿ ಬರೆಸುತ್ತಿರುವ ಸಂಗತಿ ಈ ಕೆಳಗಿನಂತಿದೆ.

ನಾನು ನಾಲ್ಕು ವರ್ಷ ನಗರದ ಕಾಲ್ ಸೆಂಟರೊಂದರಲ್ಲಿದ್ದೆ. 2024ರ ಜನವರಿಯಲ್ಲಿ ನಮ್ಮ ತಂಡವನ್ನೇ ಮುಚ್ಚಿದರು. ಅಂದಿನಿಂದ ಅರ್ಜಿ ಹಾಕುವುದನ್ನು ಬಿಟ್ಟು, ಆನ್‌ಲೈನ್‌ನಲ್ಲಿ ದೊಡ್ಡವರ ಪೋಸ್ಟ್‌ಗಳ ಕೆಳಗೆ ಕಾಮೆಂಟ್ ಬರೆಯುವ ದಾರಿ ಹಿಡಿದೆ. ಕಂಪನಿ ಮಾಲೀಕರು, ಕೆಲಸಕ್ಕೆ ಜನ ಹುಡುಕುವವರು ಏನಾದರೂ ಬರೆದರೆ ಅದರ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ಮೂರು ಸಾಲು ಬರೆಯುವುದು. ಮೊದಲ ಸಾಲು ಹೊಗಳಿಕೆ, ಎರಡನೆಯದು ನನ್ನ ಅನುಭವ, ಮೂರನೆಯದು ಒಂದು ಪ್ರಶ್ನೆ. ಪ್ರಶ್ನೆ ಕೇಳಿದರೆ ಅವರು ಉತ್ತರಿಸುತ್ತಾರೆ, ಉತ್ತರಿಸಿದರೆ ಹೆಸರು ನೆನಪಿರುತ್ತದೆ. ಮೊದಲ ಐದು ಜನರೊಳಗೆ ಬರೆದುಬಿಡಬೇಕು. ಐದರ ಆಚೆ ಹೋದರೆ ಸಂತೆಯಲ್ಲಿ ಕೂಗಿದ ಹಾಗೆ, ಯಾರಿಗೂ ಕೇಳಿಸುವುದಿಲ್ಲ. ದಿನವೂ ಬೆಳಿಗ್ಗೆ ಆರಕ್ಕೆ ಕುಳಿತು ಹತ್ತು ಕಾಮೆಂಟ್ ಬರೆಯುತ್ತಿದ್ದೆ. ಹದಿನಾಲ್ಕು ತಿಂಗಳಲ್ಲಿ ಇದರಿಂದ ಸಿಕ್ಕಿದ್ದು ಮೂರು ಸಂದರ್ಶನ ಮತ್ತು ಆರು ವಾರದ ಒಂದು ಕೆಲಸ. ಆದರೆ ಬೀದಿಯಲ್ಲಿ ನನಗೆ ‘ಕಾಮೆಂಟ್ ರಾಣಿ’ ಎಂಬ ಹೆಸರು ಬಂದಿತ್ತು. ಬೇಡವೆನ್ನುತ್ತ ಒಳಗೊಳಗೇ ಹಿಗ್ಗುತ್ತಿದ್ದೆ.

3-3-2025ರ ಸೋಮವಾರ ಬೆಳಿಗ್ಗೆ 6.04ಕ್ಕೆ ನಮ್ಮ ಪ್ರಾಂತ್ಯದ ಉದ್ಯೋಗಾಕಾಂಕ್ಷಿಗಳ ಗುಂಪೊಂದರಲ್ಲಿ ಆಲ್ವಿನ್ ಸರ್ ಎಂಬ ಹೆಸರಿನವನು ಒಂದು ಪೋಸ್ಟ್ ಹಾಕಿದ. ಬ್ಯಾಂಕಾಕ್‌ನಲ್ಲಿ ಗ್ರಾಹಕ ಸೇವೆಯ ಕೆಲಸ, ವಿಮಾನದ ಟಿಕೆಟು ಅವರದೇ, ಊಟ ವಸತಿ ಉಚಿತ ಎಂದಿತ್ತು. ನಮ್ಮ ಗುಂಪುಗಳಲ್ಲಿ ಯಾವ ಕೆಲಸದ ಪೋಸ್ಟ್ ಬಿದ್ದರೂ ಮೊದಲ ಕಾಮೆಂಟ್ ‘ಇದು ನಿಜಾನಾ?’ ಎಂಬುದೇ ಆಗಿರುತ್ತದೆ. ಯಾರಾದರೊಬ್ಬರು ‘ನಿಜ’ ಎಂದರೆ ಉಳಿದವರು ಮುಂದುವರಿಯುತ್ತಾರೆ. ಅಂದು ಕೂಡ ಒಬ್ಬರು ಕೇಳಿದ್ದರು. ನಾನು 6.11ಕ್ಕೆ ಹೀಗೆ ಉತ್ತರಿಸಿದೆ: “ನಿಜ. ಇವರ ಜೊತೆ ನಾನೇ ಮಾತಾಡಿದೀನಿ. ತುಂಬ ಒಳ್ಳೆಯವರು, ಕೇಳಿದ್ದಕ್ಕೆಲ್ಲ ಉತ್ತರ ಕೊಡ್ತಾರೆ.”

ಮಾತಾಡಿದ್ದು ಎಂದರೆ ಏನು ಎಂದು ಅಧಿಕಾರಿಗಳು ಕೇಳಿದ್ದಕ್ಕೆ ಹೇಳುತ್ತೇನೆ. ಹಿಂದಿನ ವಾರ ಅದೇ ಗುಂಪಿನಲ್ಲಿ ಅವನ ಹೆಸರು ಕಂಡು ನಾನು ಅವನಿಗೆ ನನ್ನ ಪರಿಚಯ ಕಳಿಸಿದ್ದೆ. ಅವನು ಹೆಬ್ಬೆರಳೆತ್ತಿದ ಒಂದು ಚಿತ್ರ ಕಳಿಸಿದ್ದ. ಅಷ್ಟೇ. ಅವನು ಒಳ್ಳೆಯವನೋ ಕೆಟ್ಟವನೋ ನನಗೆ ಗೊತ್ತಿರಲಿಲ್ಲ. ನಾಲ್ಕು ಜನರೆದುರು ಒಬ್ಬರ ಪರ ನಿಂತು ಮಾತಾಡಿದರೆ ಅವರು ಆ ಋಣ ಇಟ್ಟುಕೊಳ್ಳುವುದಿಲ್ಲ, ಒಂದಲ್ಲ ಒಂದು ದಿನ ತೀರಿಸುತ್ತಾರೆ. ನಾವು ಬೆಳೆದದ್ದೇ ಹಾಗೆ. ಆ ಋಣ ಅವನ ತಲೆಯ ಮೇಲೆ ಹೊರಿಸಲು ಬರೆದೆ. ಬೇರೆಯವರಿಗೆ ಕೆಲಸ ಕೊಡುವಾಗ ನನ್ನನ್ನು ನೆನೆಯಲಿ, ಕಚೇರಿಯೊಳಗಿನ ಕೆಲಸವೊಂದನ್ನು ಕೊಡಲಿ ಎಂಬುದೊಂದೇ ಆಸೆ.

ಅದೇ ದಿನ 6.52ಕ್ಕೆ ನನ್ನ ಉತ್ತರದ ಕೆಳಗೆ ರಿಯಾಲಿನ್ ದುಮಾಂಕಾಸ್ ಎಂಬ ಹುಡುಗಿ, “ಅಕ್ಕಾ, ನೀನೇ ಹೇಳಿದ ಮೇಲೆ ಇನ್ನೇನು, ನಾನು ಹೊರಟೆ!” ಎಂದು ಬರೆದಳು. ಇವಳು ನಮ್ಮ ನೆರೆಯವಳು, ವಯಸ್ಸು ಇಪ್ಪತ್ತೆರಡು, ಬೇಕರಿಯಲ್ಲಿ ಕೆಲಸಕ್ಕಿದ್ದವಳು. ಅವಳ ಮನೆಗೂ ನಮ್ಮ ಮನೆಗೂ ಅರವತ್ತೆರಡು ಹೆಜ್ಜೆ, ನಿನ್ನೆ ಎಣಿಸಿದ್ದೇನೆ. ಎದ್ದು ಹೋಗಿ ‘ತಂಗಿ, ನನಗೆ ಅವನು ಯಾರೆಂದೇ ಗೊತ್ತಿಲ್ಲ’ ಎನ್ನಲು ಒಂದು ನಿಮಿಷ ಸಾಕಿತ್ತು. ನಾನು ಕುಳಿತಲ್ಲಿಂದಲೇ ಅವಳ ಮಾತಿಗೆ ಒಂದು ಹೃದಯದ ಚಿತ್ರ ಒತ್ತಿದೆ.

10-3-2025ರ ಸಂಜೆ 4 ಗಂಟೆಗೆ ರಿಯಾಲಿನ್ ಬಿಸಿ ಬನ್ನಿನ ಪೊಟ್ಟಣ ಹಿಡಿದು ನಮ್ಮ ಮನೆಗೆ ಬಂದಳು. ಕೆಲಸ ಖಾತ್ರಿಯಾಯಿತು, ಶುಕ್ರವಾರ ವಿಮಾನ ಎಂದಳು. “ಏರ್‌ಪೋರ್ಟಲ್ಲಿ ಕೇಳಿದ್ರೆ ಟೂರಿಗೆ ಹೋಗ್ತಿದೀನಿ ಅನ್ಬೇಕಂತೆ ಅಕ್ಕಾ. ಹೋಟೆಲ್ ಚೀಟಿನೂ ಅವರೇ ಕಳಿಸಿದಾರೆ. ಅದೆಲ್ಲ ಹಾಗೇ ಇರುತ್ತಾ?” ಎಂದು ಕೇಳಿದಳು.

ಹೊರದೇಶಕ್ಕೆ ಕೆಲಸಕ್ಕೆ ಹೋಗುವವರಿಗೆ ಸರ್ಕಾರದ ಕಾಗದ ಬೇಕು, ಪ್ರವಾಸಿ ಎಂದು ಸುಳ್ಳು ಹೇಳಿಸಿ ಕಳಿಸುವವನು ಕಳ್ಳ ಎಂಬುದು ನಮ್ಮ ಊರಿನಲ್ಲಿ ಮೀನು ಮಾರುವವಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಹೋಗಬೇಡ ಎಂದರೆ ಯಾಕೆ ಎನ್ನುತ್ತಾಳೆ, ಯಾಕೆ ಎಂದು ಹೇಳಿದರೆ ನಾನು ಬರೆದದ್ದು ಸುಳ್ಳು ಎಂದಾಗುತ್ತದೆ. ಆ ಹೊತ್ತಿಗೆ ಆ ಉತ್ತರಕ್ಕೆ ಮುನ್ನೂರ ನಲವತ್ತು ಲೈಕ್ ಬಂದಿದ್ದವು. “ಕೆಲವು ಕಂಪನಿಗಳು ಹಾಗೆ ಮಾಡ್ತಾವೆ” ಎಂದುಬಿಟ್ಟೆ. ಅವಳು ತಂದ ಬನ್ನಿನಲ್ಲಿ ಎರಡನ್ನು ಅವಳೆದುರೇ ತಿಂದೆ.

13-3-2025ರ ಮಧ್ಯಾಹ್ನ ಅವಳ ತಾಯಿ ಪ್ಯೂರಿಫಿಕಾಸಿಯೊನ್, ನಾವೆಲ್ಲ ಪುರಿಂಗಕ್ಕ ಎನ್ನುವವರು, ಆಯುಸ್ಸು ಹೆಚ್ಚಲೆಂದು ಶ್ಯಾವಿಗೆ ಮಾಡಿ ಬೀದಿಯವರನ್ನೆಲ್ಲ ಕರೆದರು. ಬಾಡಿಗೆಗೆ ಮೂರು ಚಕ್ರದ ಟ್ರೈಸಿಕಲ್ ಓಡಿಸುವ ಬೊಯೆಟ್ ತಟ್ಟೆ ಹಿಡಿದುಕೊಂಡೇ, “ಏ ಕಾಮೆಂಟ್ ರಾಣಿ, ನನಗೂ ಒಂದು ಬರಿಯೇ. ಈ ಡಬ್ಬ ಗಾಡಿ ಬಿಟ್ಟು ನಾನೂ ವಿಮಾನ ಓಡಿಸ್ತೀನಿ” ಎಂದ. ಪುರಿಂಗಕ್ಕ, “ನಿನ್ನ ಮುಖಕ್ಕೆ ಅವಳು ಬರೆದ್ರೆ ಅವಳ ಮಾನ ಹೋಗುತ್ತೆ, ಸುಮ್ನೆ ತಿನ್ನು” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮೊದಲ ತಟ್ಟೆಯನ್ನು ಪುರಿಂಗಕ್ಕ ನನಗೇ ಕೊಟ್ಟಿದ್ದರು.

14-3-2025ರ ಬೆಳಿಗ್ಗೆ ರಿಯಾಲಿನ್ ಹೊರಟಳು. 18-3-2025ರ ಮಧ್ಯಾಹ್ನ 12.35ಕ್ಕೆ ತಾಯಿಗೆ ಯಾರದೋ ಫೋನಿನಿಂದ ಕರೆ ಮಾಡಿ ಎರಡು ನಿಮಿಷ ಮಾತಾಡಿದಳು. ಬ್ಯಾಂಕಾಕ್‌ನಿಂದ ಎಂಟು ಗಂಟೆ ವ್ಯಾನಿನಲ್ಲಿ ಕೂರಿಸಿ, ದೋಣಿಯಲ್ಲಿ ನದಿ ದಾಟಿಸಿ, ಎತ್ತರದ ಗೋಡೆಯ ಕಟ್ಟಡಕ್ಕೆ ತಂದಿದ್ದಾರೆ, ಪಾಸ್‌ಪೋರ್ಟು ಕಿತ್ತುಕೊಂಡಿದ್ದಾರೆ, ಸುಳ್ಳು ಹೆಸರಿನಲ್ಲಿ ಪರದೇಶದ ಗಂಡಸರೊಂದಿಗೆ ಹರಟಿ ಹಣ ಕೀಳುವ ಕೆಲಸ, ಒಪ್ಪದಿದ್ದರೆ ಊಟವಿಲ್ಲ ಎಂದಳಂತೆ. ಆ ಬಳಿಕ ಇಂದಿನವರೆಗೆ ಅವಳ ಸುದ್ದಿ ಇಲ್ಲ.

19-3-2025ರ ಬೆಳಿಗ್ಗೆ 7.40ಕ್ಕೆ ಪುರಿಂಗಕ್ಕ ನಮ್ಮ ಬಾಗಿಲಿಗೆ ಬಂದರು. ಚಪ್ಪಲಿ ಕೈಗೆತ್ತಿಕೊಳ್ಳುತ್ತಾರೆ ಎಂದು ನಾನು ಕಾದೆ. ಬೈಯಲಿಲ್ಲ. ಮೇಲೆ ಹೇಳಿದ್ದನ್ನೆಲ್ಲ ಹೇಳಿ, “ಜೆಸ್ಸಾ ಅಕ್ಕನಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾಳೆ ಅಂದ್ಲು. ಆದ್ರೂ ಬಂದೆ. ನೀನು ಬರೆದ್ರೆ ದೊಡ್ಡೋರು ಓದ್ತಾರಂತಲ್ಲ, ಬರಿಯೇ ಮಗಳೇ” ಎಂದರು. ಅವರು ನನ್ನ ಕೈ ಹಿಡಿದುಕೊಂಡಿದ್ದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು.

19ರಿಂದ 27ರವರೆಗೆ ಸೆನೆಟರುಗಳು, ರೇಡಿಯೊದವರು, ಹೊರದೇಶದ ಕಾರ್ಮಿಕರ ಕಷ್ಟ ಕೇಳುವ ಕಚೇರಿಗಳು, ಹೀಗೆ ಅರವತ್ತೊಂದು ಪೋಸ್ಟ್‌ಗಳ ಕೆಳಗೆ ರಿಯಾಲಿನ್‌ಳ ಹೆಸರು, ಫೋಟೊ ಹಾಕಿ ಬರೆದೆ. ಅಭ್ಯಾಸಬಲ, ಅಲ್ಲಿಯೂ ಮೊದಲ ಸಾಲು ಹೊಗಳಿಕೆಯೇ ಬರುತ್ತಿತ್ತು. ಉತ್ತರ ಬಂದದ್ದು ಎರಡು. ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಇನ್ನೊಬ್ಬರು ತೂಕ ಇಳಿಸುವ ಕಾಫಿ ಪುಡಿ ಬೇಕೇ ಎಂದು ಕೇಳಿದರು. ಪುರಿಂಗಕ್ಕ ದಿನವೂ ಸಂಜೆ ಬಂದು, “ಓದಿದ್ರಾ?” ಎಂದು ಕೇಳುತ್ತಿದ್ದರು. ಓದುತ್ತಿದ್ದಾರೆ ಎನ್ನುತ್ತಿದ್ದೆ.

ಮಾರ್ಚ್ 3ರ ನನ್ನ ಉತ್ತರವನ್ನು ಯಾವಾಗ ಅಳಿಸಿದೆ ಎಂದು ಕೇಳಿದ್ದಕ್ಕೆ: 21ರಂದು. ವಿಷಯ ತಿಳಿದ ಎರಡು ದಿನದ ಮೇಲೆ. ಸೆಬು ನಗರದ ಒಂದು ಕಂಪನಿಯ ಯಜಮಾನಿ ಅದನ್ನು ಲೈಕ್ ಮಾಡಿದ್ದರು. ಅದಕ್ಕೇ ಆ ಎರಡು ದಿನ ಅಳಿಸಲು ಕೈ ಬರಲಿಲ್ಲ.

ಇಂದು ಬೆಳಿಗ್ಗೆ 10.15ಕ್ಕೆ ಪರಿಚಯವಿಲ್ಲದ ಖಾತೆಯಿಂದ ನನಗೆ ಸಂದೇಶ ಬಂತು. ‘ನಾನು ಆಲ್ವಿನ್, ಹಳೇ ಖಾತೆ ಹೋಯ್ತು’ ಎಂದು ಶುರುವಾಗಿತ್ತು. “ನೀವು ಬರೆಯೋದನ್ನೆಲ್ಲ ನೋಡ್ತಾ ಇದೀನಿ. ಚೆನ್ನಾಗಿ ಬರೀತೀರಿ. ಜನ ನಿಮ್ಮನ್ನ ನಂಬ್ತಾರೆ. ಈ ತಿಂಗಳು ನಿಮ್ಮ ಒಂದು ಕಾಮೆಂಟಿಂದ ಹನ್ನೊಂದು ಜನ ಬಂದ್ರು. ಆ ಹುಡುಗಿ ವಿಷಯ ಬಿಡಿ, ನಮ್ಮ ಜೊತೆ ಸೇರಿ. ಮನೇಲೇ ಕೂತು ದಿನಕ್ಕೆ ಇಪ್ಪತ್ತು ಕಾಮೆಂಟ್, ಅಷ್ಟೇ ಕೆಲಸ” ಎಂದಿತ್ತು. ಹನ್ನೊಂದು ಜನ ಎಂಬುದು ನನಗೆ ಆಗಲೇ ತಿಳಿದದ್ದು. ಉಳಿದ ಹತ್ತು ಜನ ಯಾರೆಂದು ನನಗೆ ತಿಳಿಯದು.

10.17ಕ್ಕೆ ನಾನು ಉತ್ತರಿಸಿದೆ. ನನ್ನ ಉತ್ತರ: “ಸಂಬಳ ಎಷ್ಟು?”

ನಲವತ್ತೈದು ಸಾವಿರ ಪೆಸೊ ಎಂದು 10.18ಕ್ಕೆ ಬಂತು. ನಾನು 10.24ರವರೆಗೆ ಅದನ್ನೇ ನೋಡುತ್ತ ಕುಳಿತಿದ್ದೆ. ಆ ಮೇಲೆ ಫೋನನ್ನು ಕವುಚಿಟ್ಟು ಎದ್ದೆ. ಮುಖ ತೊಳೆದು, ಅರವತ್ತೆರಡು ಹೆಜ್ಜೆ ನಡೆದು ಪುರಿಂಗಕ್ಕನ ಮನೆಗೆ ಹೋಗಿ, ಆಲ್ವಿನ್‌ನ ಹೊಸ ಖಾತೆ ಸಿಕ್ಕಿದೆ, ಠಾಣೆಗೆ ಹೋಗೋಣ ಎಂದೆ. ಅವರು, “ನೋಡಿದ್ಯಾ, ಓದ್ತಾರೆ ಅಂತ ನಾನು ಹೇಳಿರ್ಲಿಲ್ವಾ” ಎಂದರು.

ನನ್ನ ಫೋನನ್ನು ತೆರೆದು ಅಧಿಕಾರಿಗಳ ಕೈಗೆ ಕೊಟ್ಟಿದ್ದೇನೆ. ಅವನು ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದಾನೆ. ರಿಯಾಲಿನ್ ಇರುವ ಜಾಗ ತಿಳಿಯಲು ಅವನೊಂದಿಗೆ ಮಾತು ಮುಂದುವರಿಸಬೇಕೆಂದರೆ, ತಾವು ಹೇಳಿದಂತೆ, ಹೇಳಿದಷ್ಟು ದಿನ ಮುಂದುವರಿಸುತ್ತೇನೆ.

ಸಂಬಳ ಕೇಳಿದ್ದು ಅವನನ್ನು ಮಾತಿಗೆ ಎಳೆಯಲೆಂದೇ ಇರಬೇಕು, ಹಾಗೆಂದು ಬರೆದುಕೊಳ್ಳಲೇ ಎಂದು ಅಧಿಕಾರಿಗಳು ದಯೆಯಿಂದ ಕೇಳಿದರು. ಹಾಗೆ ಬರೆಯಬಾರದು. ತಿಳಿದುಕೊಳ್ಳಬೇಕೆಂದೇ ಕೇಳಿದೆ. ಹದಿನಾಲ್ಕು ತಿಂಗಳಲ್ಲಿ ಚೆನ್ನಾಗಿ ಬರೆಯುತ್ತೀರಿ ಎಂದವನು ಅವನೊಬ್ಬನೇ.

ಮೇಲಿನದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದಷ್ಟೇ ಇದೆ, ಇದರಲ್ಲಿ ಸುಳ್ಳಿಲ್ಲ. ಇದರ ಒಂದು ಪ್ರತಿಯನ್ನು, ಹೊರಗೆ ಬೆಂಚಿನ ಮೇಲೆ ನನ್ನ ಕೈಚೀಲ ಕಾಯುತ್ತ ಕುಳಿತಿರುವ ಪುರಿಂಗಕ್ಕನವರಿಗೆ ಕೊಡಬೇಕೆಂದು ಕೋರುತ್ತೇನೆ. ಅವರಿಗೆ ಓದಲು ಬರುತ್ತದೆ. ನನಗೆ ಹೇಳಲು ಬಾಯಿ ಬರುತ್ತಿಲ್ಲ.

ಸ್ಥಳ: ಓತೋನ್
ದಿನಾಂಕ: 28-3-2025, ಮಧ್ಯಾಹ್ನ 3.05
ಸಹಿ: ಜೆಸ್ಸಾ ಮೇ ಪಲ್ಮಾರೆಸ್