ಕೆಂಪು ಪಟ್ಟಿಯ ಶೂರ

ಒಬ್ಬ ಶೂರ ಇದ್ದ. ಯಾವ ಊರು ಅಂತ ಕೇಳಬೇಡಿ, ನಿಮ್ಮೂರೇ ಅಂದುಬಿಟ್ಟರೆ ಪ್ರವಚನದ ನಡುವೆಯೇ ಎದ್ದು ಹೋಗ್ತೀರಿ. ಶೂರನ ವಯಸ್ಸು ಹನ್ನೊಂದು. ಅವನಿಗೊಬ್ಬ ದೇವರು. ಶಿವನಲ್ಲ, ಹನುಮಪ್ಪನೂ ಅಲ್ಲ, ಕರಾಟೆ ಸಿನಿಮಾದ ಹೀರೋ! ಟೆಂಟಿನಲ್ಲಿ ಒಂದೇ ಸಿನಿಮಾ ಒಂಬತ್ತು ಸಲ ನೋಡಿದ್ದ. ಮನೆಯಲ್ಲಿ ಲಕ್ಷ್ಮಿಯ ಪಕ್ಕದಲ್ಲೇ ಹೀರೋನ ಫೋಟೋ ಇಟ್ಟು ಊದಿನಕಡ್ಡಿ ಹಚ್ಚುತ್ತಿದ್ದ. ನಗಬೇಡಿ. ಅದನ್ನಾದರೂ ಅವನು ದಿನಾ ಒರೆಸುತ್ತಿದ್ದ. ನಿಮ್ಮ ಮನೆಯ ನನ್ನ ಫೋಟೋ ಹಿಂದೆ ಹಲ್ಲಿ ಸಂಸಾರ ಹೂಡಿದೆ, ನಾನೇ ಕಂಡಿದ್ದೇನೆ.

ಆ ಹೀರೋ ಹೊಡೆದಾಟಕ್ಕೆ ಮುಂಚೆ ಹಣೆಗೆ ಕೆಂಪು ಪಟ್ಟಿ ಕಟ್ಟುತ್ತಿದ್ದ. ಶಕ್ತಿಯೆಲ್ಲ ಪಟ್ಟಿಯಲ್ಲೇ ಇದೆ ಅಂದುಕೊಂಡ ನಮ್ಮ ಹುಡುಗ. ಅವ್ವನಿಗೆ ಉಡಿ ತುಂಬಿದಾಗ ಕೊಟ್ಟ ಕೆಂಪು ಖಣ ಪೆಟ್ಟಿಗೆಯಲ್ಲಿತ್ತು. ಕತ್ತರಿ ಹಾಕೇಬಿಟ್ಟ! ಅವ್ವ ಲಟ್ಟಣಿಗೆ ಹಿಡಿದು ಓಣಿ ತುಂಬ ಅಟ್ಟಿಸಿಕೊಂಡು ಹೋದಳು. ಆಗ ಯಾವ ಕರಾಟೆಯೂ ಕೈ ಹಿಡಿಯಲಿಲ್ಲ, ಅದು ಬೇರೆ ಮಾತು. ಪಟ್ಟಿ ಕಟ್ಟಿ ಹಿತ್ತಲಲ್ಲಿ 'ಹೂಆ!' ಅಂತ ಬಾಳೆಗಿಡ ಒದೆಯುವಾಗ ಚಪ್ಪಾಳೆ ತಟ್ಟೋಕೆ ಒಬ್ಬಳೇ ಭಕ್ತೆ, ಎಂಟು ವರ್ಷದ ತಂಗಿ. ನಮ್ಮಣ್ಣನನ್ನು ಮೀರಿಸೋರು ಲೋಕದಲ್ಲೇ ಇಲ್ಲ ಅಂತ ಅವಳ ನಂಬಿಕೆ. ಆ ಚಪ್ಪಾಳೆ ಅಂದರೆ ಅವನಿಗೆ ಪ್ರಾಣ.

ಒಂದು ದಿನ ಶಾಲೆಯ ದಾರಿಯಲ್ಲಿ ಏಳನೇ ಕ್ಲಾಸಿನ ದಾಂಡಿಗನೊಬ್ಬ ತಂಗಿಯ ಬುತ್ತಿ ಡಬ್ಬಿಗೆ ಕೈ ಹಾಕಿದ.

"ಬಿಡೋ! ನಮ್ಮಣ್ಣ ಕರಾಟೆ ಕಲ್ತಾನ, ನಿನ್ನ ಹಲ್ಲು ಉದುರಸ್ತಾನ!" ಅಂತ ಕೂಗಿದಳು.

ಅಣ್ಣ ಕಿಸೆ ತಡಕಿದ. ಎಡ ಕಿಸೆ, ಬಲ ಕಿಸೆ. ಎರಡೂ ಖಾಲಿ.

"ತಂಗೀ, ಪಟ್ಟಿ ಮನ್ಯಾಗ ಬಿಟ್ಟ್ ಬಂದೀನಿ. ಇಲ್ಲೇ ನಿಂದ್ರು, ತರ್ತೀನಿ!"

ಓಡಿದ! ನೋಡಿ, ಓಡಿದ! ಇದು ಪಟ್ಟಿಗಾಗಿ ಓಡುವ ಓಟ ಅಲ್ಲ ಅಂತ ಓಡುವಾಗಲೇ ಅವನಿಗೆ ಗೊತ್ತಿತ್ತು.

ಪಟ್ಟಿ ಬಿಗಿದುಕೊಂಡು ಬಂದು ನೋಡಿದರೆ ದಾಂಡಿಗನಿಲ್ಲ. ತಂಗಿ ಸೇತುವೆ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಾಳೆ. ಮೊಣಕಾಲು ತರಚಿ ರಕ್ತ.

"ಎಲ್ಲಿ ಹೋದ ಅಂವ?"

"ಕೈ ಕಚ್ಚಿದೆ. ಅಳಕೋತ ಹೋದ. ಯಣ್ಣಾ, ಆ ಪಟ್ಟಿ ಕೊಡಿಲ್ಲಿ."

ಹಣೆಯಿಂದ ಬಿಚ್ಚಿ ಕೊಟ್ಟ. ಅವಳು ಅದನ್ನು ಮೊಣಕಾಲಿಗೆ ಕಟ್ಟಿಕೊಂಡು ಕುಂಟುತ್ತಾ ಶಾಲೆಗೆ ನಡೆದಳು. ಹಿತ್ತಲಲ್ಲಿ ಮತ್ತೆ ಚಪ್ಪಾಳೆ ಕೇಳಲಿಲ್ಲ.

ನಗು ನಿಂತಿತಲ್ಲ? ನಿಮ್ಮ ಹಣೆಯಲ್ಲೂ ವಿಭೂತಿ ಇದೆ, ಕೊರಳಲ್ಲಿ ರುದ್ರಾಕ್ಷಿ ಇದೆ. ಬಸ್ಸಿನಲ್ಲಿ ಮುದುಕಿಯನ್ನು ಎಬ್ಬಿಸಿ ಯಾರೋ ಕೂತರೆ ಕಿಟಕಿ ಕಡೆ ತಿರುಗ್ತೀರಿ. ಪಕ್ಕದ ಮನೆಯ ಸೊಸೆ ಏಟು ತಿಂದು ಕೂಗಿದರೆ ಟಿವಿ ಜೋರು ಮಾಡ್ತೀರಿ. ಆಮೇಲೆ ಈ ಮಠಕ್ಕೆ ಬಂದು, "ಅಜ್ಜಾರ, ಧೈರ್ಯ ಬರೂ ಹಂಗ ಒಂದ್ ಮಂತ್ರ ಕೊಡ್ರಿ" ಅಂತೀರಿ. ಆ ಹುಡುಗಿ ಯಾವ ಮಂತ್ರ ಹೇಳಿದ್ದಳು? ಅವಳ ಹತ್ತಿರ ಇದ್ದದ್ದು ಹಲ್ಲು. ಅದರಲ್ಲೂ ಮುಂದಿನದೊಂದು ಬಿದ್ದಿತ್ತು!

ನಾನು ಮಂತ್ರ ಕೊಡೋದಿಲ್ಲ. ಇವತ್ತು ಪಕ್ಕದ ಮನೆಯಿಂದ ಕೂಗು ಕೇಳಿದರೆ ಟಿವಿ ಆರಿಸಿ. ಎದ್ದು ಹೋಗಿ ಅವರ ಬಾಗಿಲು ತಟ್ಟಿ. ಅಲ್ಲಿಂದ ಬಂದಮೇಲೆ ವಿಭೂತಿ ಹಚ್ಚಿಕೊಳ್ಳಿ.